ಚಾಸಿಗೆ ಬೆಂಕಿ ತಾಗಿಸಬೇಡ ಅಂತ ಗಿರೀಶನಿಗೆ ಹೇಳಮ್ಮ

ಸವಿತಮ್ಮ, ನಿನ್ನ ಮೆಸೇಜ್ ಈಗ ನೋಡಿದೆ. ಗಿರೀಶ ವೆಲ್ಡಿಂಗ್ ಮಷೀನ್ ತಂದಿದ್ದಾನೆ, ಮೊಬೈಲ್ ನೋಡಿಕೊಂಡು ಕಲಿತು 407 ಲಾರಿಯ ಚಾಸಿಯನ್ನು, ಅಂದರೆ ಅಡಿಯ ಕಬ್ಬಿಣದ ಚೌಕಟ್ಟನ್ನು, ತಾನೇ ಒಂದೂವರೆ ಅಡಿ ಉದ್ದ ಮಾಡುತ್ತಾನಂತೆ, ಹೊರಗೆ ಕೊಟ್ಟರೆ ಕೂಲಿ ಜಾಸ್ತಿ ಅಂತಾನೆ, ಏನು ಮಾಡಲಿ ಮಾವ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ನನ್ನ ಬೆರಳು ಬಗ್ಗಲ್ಲ, ಮಾತಿನಲ್ಲೇ ಹೇಳುತ್ತೇನೆ. ಪೂರ್ತಿ ಕೇಳು, ಅವನಿಗೂ ಕೇಳಿಸು. ನಿಮ್ಮ ಅತ್ತೆ ಪಕ್ಕದಲ್ಲಿದ್ದರೆ ಅವಳಿಗೆ ಬೇಡ, ಬಿಪಿ ಏರುತ್ತೆ.

ಅವನ ಲೆಕ್ಕ ನನಗೆ ಗೊತ್ತು. ತೆಂಗಿನ ಮಟ್ಟೆ ತೂಕ ಇರಲ್ಲ, ಜಾಗ ತಿನ್ನುತ್ತೆ. ಬಾಡಿ ಉದ್ದ ಇದ್ದರೆ ತಿಪಟೂರಿನ ನಾರಿನ ಫ್ಯಾಕ್ಟರಿಗೆ ಒಂದು ಟ್ರಿಪ್ ಉಳಿಯುತ್ತೆ. ಸರಿ. ವಾಪಸ್ ಬರುವಾಗ ಖಾಲಿ ಬರುತ್ತಾನಾ? ಸಿಮೆಂಟ್ ಸಿಕ್ಕರೆ ಬಿಡುತ್ತಾನಾ? ಅದು ಭಾರ. ಚಾಸಿಗೆ ವೆಲ್ಡಿಂಗ್ ಬೆಂಕಿ ತಾಗಿಸಬೇಡ ಅಂತ ಹೇಳು.

ನಾನು ಅರಸೀಕೆರೆ ಕಡೆಯವರ ಲಾರಿ ಓಡಿಸುತ್ತಿದ್ದೆನಲ್ಲ, ಆಗಿನ ಮಾತು. ಆ ಸಾಹುಕಾರರು ಯಾರು ಅಂತ ನಿಮಗೆಲ್ಲ ಗೊತ್ತು, ಹೆಸರು ಬೇಡ, ಅವರ ತಮ್ಮನ ಮಗ ಈ ಗ್ರೂಪಿನಲ್ಲೇ ಇದ್ದಾನೆ. ಅವರೂ ಹೀಗೇ ಲಾರಿ ಉದ್ದ ಮಾಡಿಸಿದರು. ಮಾಡಿದವನು ಗೇಟು, ಗ್ರಿಲ್ ಮಾಡುವವನು. ಕೆಲಸ ಕಲಿತವನೇ, ಕೈ ಚಿನ್ನದಂಥದ್ದು. ಚಕ್ಕುಲಿ ಒತ್ತಿದ ಹಾಗೆ ವೆಲ್ಡ್ ಎಳೆದಿದ್ದ. ಕ್ಯಾಬಿನ್ನಿಗೂ ಹಿಂದಿನ ಗಾಲಿಗೂ ನಡುವೆ ಚಾಸಿ ನೇರಕ್ಕೆ ಕೊಯ್ದು, ತುಂಡು ಸೇರಿಸಿ, ಸುತ್ತ ವೆಲ್ಡ್ ಹಾಕಿ, ಗ್ರೈಂಡರ್ ಓಡಿಸಿ, ಕಪ್ಪು ಬಣ್ಣ ಹೊಡೆದುಕೊಟ್ಟ. ಗಾಡಿ ಓಡಿಸೋಕೆ ಯೋಗ್ಯ ಅಂತ ಆರ್‌ಟಿಒ ಕೊಡೋ ಎಫ್‌ಸಿನೂ ಆಯಿತು. ಹೇಗಾಯಿತು ಅಂತ ಕೇಳಬೇಡ.

ಶಹಾಬಾದ್ ಕಲ್ಲು ಹೇರಿಕೊಂಡು ಮಂಗಳೂರಿಗೆ ಹೊರಟಿದ್ದೆ. ಮಳೆಗಾಲ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಟೀಗೆ ನಿಲ್ಲಿಸಿದೆ. ಕ್ಲೀನರ್ ಹುಡುಗ ಕೂಗಿದ, 'ಅಣ್ಣಾ, ಕ್ಯಾಬಿನ್ನೂ ಬಾಡಿನೂ ಮುತ್ತು ಕೊಡ್ತಾ ಇವೆ.' ಕ್ಯಾಬಿನ್ ಬೆನ್ನಿಗೂ ಬಾಡಿ ಹಲಗೆಗೂ ನಡುವೆ ಕೈ ತೂರುವಷ್ಟು ಸಂದು ಇರುತ್ತಿತ್ತು. ಈಗ ಮೇಲುಗಡೆ ಬೆರಳೂ ಹೋಗುತ್ತಿಲ್ಲ. ಅಂದರೆ ನಡುವೆ ಲಾರಿ ಕುಸಿಯುತ್ತಿದೆ ಅಂತ ಅರ್ಥ. ಟಾರ್ಚ್ ಹಿಡಿದು ಕೆಳಗೆ ನುಗ್ಗಿದೆ. ವೆಲ್ಡ್‌ನಿಂದ ಒಂದು ಬೆರಳು ಆಚೆಗೆ, ಚಾಸಿಯ ಕೆಳಗಿನ ಮಡಚಿದ ಅಂಚಿನಲ್ಲಿ, ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ. ತುಕ್ಕಿನ ಪುಡಿ. ಒರೆಸಿ ಉಗುರಿನಿಂದ ಕೆರೆದೆ, ಉಗುರು ಸಿಕ್ಕಿಕೊಂಡಿತು.

ಎಸ್‌ಟಿಡಿ ಬೂತಿನಿಂದ ಸಾಹುಕಾರರಿಗೆ ಫೋನ್ ಮಾಡಿದೆ. ಮಂಗಳೂರಲ್ಲಿ ಅನ್‌ಲೋಡ್ ಮಾಡು, ಆಮೇಲೆ ನೋಡೋಣ ಅಂದರು. ಘಾಟಿ ಇಳಿಸಲ್ಲ ಅಂದೆ. ಕೀ ಅಲ್ಲೇ ಟೀ ಅಂಗಡಿಯಲ್ಲಿ ಕೊಟ್ಟು ಬಸ್ ಹತ್ತು ಅಂದರು. ಬೇರೆ ಡ್ರೈವರ್ ಕಳಿಸಿದರು. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ ಲಾರಿ ನಡು ಮುರಿದು ಕೂತಿತು. ಪಾಪ, ಆ ಹುಡುಗನ ಕಾಲು ಹೋಯಿತು, ಜೀವ ಉಳಿಯಿತು. ಆಮೇಲೆ ನಾನೇ ಹೋಗಿ ನೋಡಿದೆ. ವೆಲ್ಡ್ ಹಾಗೇ ಇತ್ತು ಕಣಮ್ಮ. ಪಕ್ಕದ ಕಬ್ಬಿಣ ಹರಿದಿತ್ತು.

ಗಿರೀಶನಿಗೆ ಇದು ಅರ್ಥ ಆಗಬೇಕು. ಚಾಸಿ ಕಬ್ಬಿಣ ಗೇಟಿನ ಕಬ್ಬಿಣ ಅಲ್ಲ. ಭಾರ ಹೊರಬೇಕು, ತಿರುಚಿಕೊಂಡು ವಾಪಸ್ಸೂ ಬರಬೇಕು. ವೆಲ್ಡ್ ಶಾಖ ತಾಗಿದ ಅಂಚಿನಲ್ಲಿ ಆ ಗುಣ ಕೆಡುತ್ತೆ. ಗುಂಡಿ ರಸ್ತೆಯಲ್ಲಿ ಕುಲುಕಿ ಕುಲುಕಿ ಬಿರುಕು ಅಲ್ಲಿಂದಲೇ ಏಳುತ್ತೆ. ತಾನು ಕಲಿತು ಮಾಡಿದರೂ ಅಷ್ಟೇ, ಗೇಟು ಮಾಡುವವನಿಗೆ ಕೂಲಿ ಕೊಟ್ಟರೂ ಅಷ್ಟೇ. ಚಾಸಿಗೆ ಬೆಂಕಿ ತಾಗಿಸಬೇಡ ಅಂತ ಇನ್ನೊಂದು ಸಲ ಹೇಳು.

ನನಗೆ ಏನು ಸಿಕ್ಕಿತು ಗೊತ್ತಾ? ಡ್ರೈವರ್ ನಡುದಾರಿಯಲ್ಲಿ ಗಾಡಿ ಬಿಟ್ಟು ಓಡಿದ ಅಂತ ಊರೆಲ್ಲ ಹೇಳಿದರು. ಬಾಟಾ, ಅಂದರೆ ಡ್ರೈವರ್ ದಿನಭತ್ಯೆ ದುಡ್ಡು, ಇವತ್ತಿಗೂ ಬಂದಿಲ್ಲ. ನಮ್ಮವರಾದರೂ ನನ್ನ ಪರ ಒಂದು ಮಾತು ಆಡಿದರಾ? ದೊಡ್ಡಣ್ಣನ ಮಗಳ ಮದುವೆಯಲ್ಲಿ ಅದೇ ಸಾಹುಕಾರರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ನನಗೆ ಅಡುಗೆಮನೆ ಉಸ್ತುವಾರಿ. ಹೋಗಲಿ ಬಿಡು. ಈ 407 ತರುವಾಗಲೂ ಅಷ್ಟೇ ಅಲ್ವಾ? ಬ್ಯಾಂಕಲ್ಲಿ ಕೆಲಸ ಮಾಡುವ ಭಾವನನ್ನು ಕರೆದುಕೊಂಡು ಹೋದರು. ಲಾರಿ ಕೆಳಗೇ ಆಯಸ್ಸು ಕಳೆದ ನಾನು ಮನೆಯಲ್ಲಿ ಕೂತಿದ್ದೆ. ಪೂಜೆಗೆ ಕಾಯಿ ಒಡೆಯೋಕೆ ಮಾತ್ರ ದೊಡ್ಡಪ್ಪ ಬೇಕು. ಟೈರ್ ನೋಡಿದ್ದರೆ ಗಾಡಿ ಹೇಗಿದೆ ಅಂತ ನಾನು ಅವತ್ತೇ ಹೇಳುತ್ತಿದ್ದೆ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಮಷೀನ್ ವಾಪಸ್ ಕೊಡೋದು ಬೇಡ. ಕಲಿಯಲಿ, ಒಳ್ಳೇದೇ. ಐಟಿಐನಲ್ಲಿ ವೆಲ್ಡರ್ ಟ್ರೇಡ್‌ಗೇ 1 ವರ್ಷ ಹಿಡಿಯುತ್ತೆ, ಇವನು ವಾರದಲ್ಲಿ ಕಲಿತೆ ಅಂದರೆ ನಂಬಬೇಡ. ಗುಜರಿ ಕಬ್ಬಿಣದ ಮೇಲೆ ಕೈ ಕುದುರಲಿ. ಆಮೇಲೆ ಬಾಡಿಯ ಹಗ್ಗದ ಕೊಂಡಿ, ಟೂಲ್ ಬಾಕ್ಸ್ ಮಾಡಿಕೊಳ್ಳಲಿ. ಅದಕ್ಕೂ ಮುಂಚೆ ಬ್ಯಾಟರಿ ಎರಡೂ ವೈರ್ ಬಿಚ್ಚಬೇಕು. ಹೊಸ ಬಿಎಸ್ 6 ಗಾಡಿಯಾದರೆ ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರ್, ಅದರ ಪ್ಲಗ್ ಕೂಡ. ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಇರಬೇಕು, ಎಲ್ಲೋ ಸಿಕ್ಕಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದು ಹಾಳಾಗುತ್ತೆ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಹತ್ತಿರ ಕಿಡಿ ಬೀಳಬಾರದು. ಕಪ್ಪು ಗಾಜಿಲ್ಲದೆ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿಯುತ್ತೆ.

ಉದ್ದದ ವಿಷಯ. ಆರ್‌ಸಿಯಲ್ಲಿ ಇರೋದನ್ನು ಸುಮ್ನೆ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹಿಂದಕ್ಕೆ ಬಾಡಿ ಚಾಚೋದಕ್ಕೂ ಮಿತಿ ಇದೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ಅಂತರದ 60%ಗಿಂತ ಹೆಚ್ಚಿರಬಾರದು. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಇದನ್ನೇ ಹಿಡಿಯುತ್ತಾರೆ. ಮೊದಲು ಆರ್‌ಟಿಒದಲ್ಲಿ ಕೇಳಲಿ. ಅವರು ಒಪ್ಪಿದರೆ ಕಂಪನಿ ಸರ್ವೀಸ್‌ನವರನ್ನು ಕೇಳಿ, ಚಾಸಿಯ ಮೇಲಿನ, ಕೆಳಗಿನ ಮಡಚಿದ ಅಂಚಿಗೆ ತೂತು ಹಾಕದೆ ಬೋಲ್ಟ್ ಹಾಕಿ ಕೆಲಸ ಮಾಡುವ ಬಾಡಿ ಬಿಲ್ಡರ್ ಹತ್ತಿರ ಕೊಡಲಿ. ಇಲ್ಲ, ಇದನ್ನು ಮಾರಿ ಉದ್ದ ಚಾಸಿಯದ್ದೇ ತಗೊಳ್ಳಲಿ, ಕಂಪನಿಯವರೇ ಮಾಡುತ್ತಾರಲ್ಲ. ಈ ಸಲ ನೋಡೋಕೆ ನಾನೂ ಬರುತ್ತೇನೆ.

ಅಂದಹಾಗೆ, ಇನ್ನೂ ಕೊಯ್ದಿಲ್ಲ ತಾನೇ? ಅದನ್ನು ಮೊದಲು ಹೇಳಮ್ಮ.