ತಲೆಗೆ ಪೆಟ್ಟು ಬಿದ್ದು ಮೂರು ವಾರ: ಮತ್ತೆ ಸಿಟಿ ಸ್ಕ್ಯಾನ್ ಮಾಡಿಸಬೇಕಾ?

ಕೇಳಿದವರು, ಜಗಳೂರು: ಅಮ್ಮನಿಗೆ 68 ವರ್ಷ. ಹೃದಯದ ತೊಂದರೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಮಾತ್ರೆ ನಡೀತಿದೆ. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಯ್ತು. ಅವತ್ತೇ ದಾವಣಗೆರೆಯಲ್ಲಿ ತಲೆ ಸಿಟಿ ಮಾಡಿಸಿದ್ವಿ, ನಾರ್ಮಲ್ ಬಂತು. ಈಗ ತಲೆನೋವು, ನಡೆಯುವಾಗ ಎಡಕ್ಕೆ ವಾಲ್ತಾರೆ. ಡಾಕ್ಟರು ಮತ್ತೆ ಸಿಟಿ ಬರೆದಿದ್ದಾರೆ. ಇಷ್ಟು ಬೇಗ ಎರಡನೇ ಸಲ ವಿಕಿರಣ ಬೇಡ, ಎಂಆರ್‌ಐ ಮಾಡಿಸೋಣ ಅಂತ ಮನೆಯಲ್ಲಿ ವಾದ. ತಿಳಿದವರು ಹೇಳಿ.

ಸಿಟಿ ಟೆಕ್ನಿಷಿಯನ್, ದಾವಣಗೆರೆ: ಇವತ್ತೇ ಮಾಡಿಸ್ರಿ. ಹಳೇ ರಿಪೋರ್ಟ್ ಆ ದಿನದ ಮಟ್ಟಿಗೆ ನಾರ್ಮಲ್, ಈಗಿನದಕ್ಕಲ್ಲ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿ, ಹೊರಪದರಕ್ಕೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಬಿಗಿದಿರ್ತವೆ. ಜಾರಿ ಬಿದ್ದಾಗ ಒಂದು ಕಿತ್ತರೆ ರಕ್ತ ವಾರಗಟ್ಟಲೆ ನಿಧಾನಕ್ಕೆ ಜಿನುಗುತ್ತೆ. ವಾರ್ಫರಿನ್ ಇದ್ದರೆ ಅದು ನಿಲ್ಲೋದೂ ಕಷ್ಟ.

ಒಂದು ಮಾತು ಮರೀಬೇಡಿ. ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತೆ, ಹಳೇದು ಕಪ್ಪಗೆ. ನಡುವೆ, ಅಂದಾಜು ಎರಡು ಮೂರು ವಾರಕ್ಕೆ, ಮೆದುಳಿನದೇ ಬೂದು ಬಣ್ಣಕ್ಕೆ ತಿರುಗುತ್ತೆ. ಎರಡೂ ಕಡೆ ಸಮನಾಗಿ ತುಂಬಿದ್ದರೆ ಕಣ್ತಪ್ಪುವುದು ಸುಲಭ. ಅದಕ್ಕೇ ಚೀಟಿಯಲ್ಲಿ ಬಿದ್ದ ತಾರೀಖು, ವಾರ್ಫರಿನ್, ಎಡಕ್ಕೆ ವಾಲುವುದು, ಈ ಮೂರನ್ನೂ ಬರೆಸಿ. ಬರೀ ‘ತಲೆನೋವು’ ಅಂತ ಬರೆದ ಚೀಟಿ ರೇಡಿಯಾಲಜಿಸ್ಟ್‌ಗೆ ಏನನ್ನೂ ಹೇಳಲ್ಲ. ಹಳೇ ಸಿಡಿಯನ್ನೂ ಒಯ್ಯಿರಿ, ಫಿಲಂ ಮಾತ್ರ ಸಾಲದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೆದುಳಿನ ಮಡಿಕೆಗಳು ಅಳಿಸಿಹೋಗಿದ್ದು, ನಡುಗೆರೆ ಸರಿದದ್ದು ತಕ್ಷಣ ತಿಳಿಯುತ್ತೆ.

ಸ್ಕ್ಯಾನ್‌ಗೆ ಒಂದು ನಿಮಿಷವೂ ಬೇಡ. ಓಲೆ, ಮೂಗುತಿ, ಹೇರ್‌ಪಿನ್, ಕಟ್ಟಿಸಿದ ಹಲ್ಲಿನ ಸೆಟ್ ಮನೆಯಲ್ಲೇ ತೆಗೆದಿಡಿ. ಲೋಹ ಇದ್ದರೆ ಚಿತ್ರದ ತುಂಬ ಗೆರೆ ಬೀಳ್ತವೆ, ತಲೆ ಅಲ್ಲಾಡಿದರೆ ಮತ್ತೆ ತೆಗೀಬೇಕು.

ವಿಕಿರಣ ಸುರಕ್ಷತೆ ನೋಡಿಕೊಳ್ಳುವವರು, ಚಿತ್ರದುರ್ಗ: ತಲೆಯ ಒಂದು ಪ್ಲೇನ್ ಸಿಟಿಗೆ, ಅಂದರೆ ನರಕ್ಕೆ ಔಷಧಿ ಚುಚ್ಚದೆ ತೆಗೆಯುವುದಕ್ಕೆ, ವಿಕಿರಣ ಸುಮಾರು 2 ಮಿಲಿಸೀವರ್ಟ್ (ವಿಕಿರಣದ ಅಳತೆ). ಮಣ್ಣು, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ತಾನಾಗೇ ಬರುವುದು ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4. ಒಂದು ಸಿಟಿಯಿಂದ ಕ್ಯಾನ್ಸರ್ ಬರುವ ಸಾಧ್ಯತೆ ಸೊನ್ನೆ ಅನ್ನಲಾರೆ, ಆದರೆ ಅದು ಬಹಳ ಚಿಕ್ಕದು, ಬಂದರೂ ಹಲವು ವರ್ಷದ ನಂತರದ ಮಾತು. 68ರ ವಯಸ್ಸಿನಲ್ಲಿ, ಹೊಸ ಲಕ್ಷಣ ಎದುರಿಗಿರುವಾಗ, ಅದಕ್ಕೆ ಹೆದರಿ ತಡಮಾಡಬೇಡಿ.

ಜಿಪುಣತನ ಬೇಕಿರುವುದು ಮಕ್ಕಳ ವಿಷಯದಲ್ಲಿ. ಬಿದ್ದ ಮಗು ಎಚ್ಚರವಾಗಿ ಆಡಿಕೊಂಡಿದ್ದು, ವಾಂತಿ ಇಲ್ಲದಿದ್ದರೆ, ಡಾಕ್ಟರ ಕಣ್ಣೆದುರು ನಾಲ್ಕಾರು ಗಂಟೆ ಇಟ್ಟು ನೋಡುವುದೇ ಎಷ್ಟೋ ಸಲ ಸಾಕು. ಮಾಡಲೇಬೇಕಾದರೆ ಮಕ್ಕಳ ಸೆಟ್ಟಿಂಗ್‌ನಲ್ಲೇ ಮಾಡಿ ಅಂತ ಕೇಳಿ. ದೊಡ್ಡವರಿಗೂ ಪ್ಲೇನ್ ಜೊತೆ ಕಾಂಟ್ರಾಸ್ಟ್ (ನರಕ್ಕೆ ಔಷಧಿ ಚುಚ್ಚಿ ಮತ್ತೊಮ್ಮೆ ತೆಗೆಯುವುದು) ಅಂದರೆ ಡೋಸ್ ಸುಮಾರು ಇಮ್ಮಡಿ; ನಿಮ್ಮ ತಾಯಿಗೆ ಪ್ಲೇನ್ ಸಾಕು. ಕಾಂಟ್ರಾಸ್ಟ್ ಅಂದರೆ ಮಾತ್ರ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ, ಹಿಂದಿನ ಅಲರ್ಜಿಯ ವಿಚಾರ ಮುಂದಾಗಿ ಹೇಳಬೇಕು.

ನ್ಯೂರೋ ವಾರ್ಡ್ ನರ್ಸ್, ದಾವಣಗೆರೆ: ಎಂಆರ್‌ಐ ಕೆಲವಕ್ಕೆ ಮೇಲು, ನಿಜ. ಮಿದುಳುಕಾಂಡ, ಸಣ್ಣ ಗೆಡ್ಡೆ, ಮೂರ್ಛೆರೋಗದ ಮೂಲ, ಇವೆಲ್ಲ ಸಿಟಿಯಲ್ಲಿ ತಪ್ಪಿಹೋಗಬಹುದು. ಆದರೆ ಇಪ್ಪತ್ತು ಮೂವತ್ತು ನಿಮಿಷ ಅಲ್ಲಾಡದೆ ಮಲಗಬೇಕು, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ರಕ್ತ ಇದೆಯಾ ಇಲ್ಲವಾ ಅನ್ನೋ ತುರ್ತು ಪ್ರಶ್ನೆಗೆ ಸಿಟಿಯೇ ಮೊದಲು. ಲಕ್ವಾ ಹೊಡೆದವರಿಗೂ ಹೀಗೇ: ಮೊದಲ ಗಂಟೆಗಳಲ್ಲಿ ಸಿಟಿ ನಾರ್ಮಲ್ ಕಂಡರೂ, ರಕ್ತಸ್ರಾವ ಇಲ್ಲ ಅಂತ ಖಾತ್ರಿಯಾದ ಮೇಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡ್ತಾರೆ, ಅದೂ ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ.

ವಾರ್ಫರಿನ್ ನೀವಾಗೇ ನಿಲ್ಲಿಸಬೇಡಿ. ಹೃದಯದಲ್ಲಿ ಕೃತಕ ಕವಾಟ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತೆ. ಇವತ್ತಿನ ಮಾತ್ರೆ ಕೊಡೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಸಿಟಿ ದಿನವೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಅಂತ ನೋಡುವ ಪರೀಕ್ಷೆ) ಮಾಡಿಸಿ. ಸಿಟಿಯಲ್ಲಿ ರಕ್ತ ಕಂಡರೆ ವಾರ್ಫರಿನ್ ಪರಿಣಾಮ ಇಳಿಸಲು ವಿಟಮಿನ್ ಕೆ ಮತ್ತಿತರ ಔಷಧಿ ಕೊಡ್ತಾರೆ. ತುಂಬಾ ತುಂಬಿದ್ದರೆ ಬುರುಡೆಗೆ ಸಣ್ಣ ರಂಧ್ರ ಮಾಡಿ ತೆಗೀತಾರೆ; ಬೇಗ ಹೋದವರಲ್ಲಿ ನಡಿಗೆ ಸರಿಹೋಗುವುದು ಸಾಮಾನ್ಯ.

ನಡುವೆ ಮಂಪರು, ಪದೇಪದೇ ವಾಂತಿ, ಫಿಟ್ಸ್, ಅಥವಾ ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರೂ ಹಾಕಬೇಡಿ.