ಹಳೆಯ ಎಂಟಿಬಿಗೆ ಡಿಸ್ಕ್ ಬ್ರೇಕ್ ಹಾಕಿಸಿದವರು ಅನುಭವ ತಿಳಿಸಿ

ಅಲೆವೂರು (ಪ್ರಶ್ನೆ ಕೇಳಿದವರು)

ನನ್ನಲ್ಲಿರುವುದು 2007ರಲ್ಲಿ ಕೊಂಡ, 26 ಇಂಚಿನ ಚಕ್ರದ ಉಕ್ಕಿನ ಎಂಟಿಬಿ (ಮೌಂಟನ್ ಬೈಕ್). ಎರಡೂ ಕಡೆ ವಿ ಬ್ರೇಕ್, ಅಂದರೆ ರಬ್ಬರ್ ತುಂಡುಗಳು ಚಕ್ರದ ಹೊರಬಳೆಯಾದ ರಿಮ್ಮನ್ನು ಹಿಡಿಯುವ ಬಗೆ. ದಿನವೂ ಬೆಳಿಗ್ಗೆ ಮಣಿಪಾಲಕ್ಕೆ ಹತ್ತಿ ಸಂಜೆ ಇಳಿಯುತ್ತೇನೆ. ಕಳೆದ ಜುಲೈಯ ಒಂದು ಸಂಜೆ ಎರಡೂ ಲಿವರ್ ಹಿಡಿದಿದ್ದರೂ ಸೈಕಲ್ ನಿಲ್ಲದೆ ಚರಂಡಿಯ ಅಂಚಿನವರೆಗೆ ಹೋಯಿತು. ಫ್ರೇಮಿನಲ್ಲಾಗಲಿ ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಾಗಲಿ ಡಿಸ್ಕ್ ಬ್ರೇಕ್ ಕೂರಿಸುವ ಮೌಂಟ್ ಇಲ್ಲ. ₹6,000ದ ಒಳಗೆ, ಮಳೆ ಹಿಡಿಯುವ ಮೊದಲು ಡಿಸ್ಕ್ ಹಾಕಿಸಬಹುದೇ? ಹಾಕಿಸಿದವರು ದಯವಿಟ್ಟು ತಿಳಿಸಬೇಕು.

ಮಣಿಪಾಲ

ನಾನು ನಾಲ್ಕು ವರ್ಷಗಳ ಹಿಂದೆ ಮುಂದಿನ ಚಕ್ರಕ್ಕೆ ಮಾತ್ರ ಡಿಸ್ಕ್ ಹಾಕಿಸಿದೆ. ಹಿಂದೆ ಹಳೆಯ ವಿ ಬ್ರೇಕನ್ನೇ ಉಳಿಸಿಕೊಂಡೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಚಕ್ರವೇ ಮಾಡುತ್ತದೆ. ಹಿಂದಿನದಕ್ಕೆ ಎಷ್ಟೇ ಬಲವಾದ ಬ್ರೇಕ್ ಹಾಕಿದರೂ ಒದ್ದೆ ರಸ್ತೆಯಲ್ಲಿ ಅದು ಜಾರುವುದೇ ಹೊರತು ನಿಲ್ಲಿಸುವುದಿಲ್ಲ.

ಖರ್ಚಿನ ಚೀಟಿ ಇನ್ನೂ ನನ್ನ ಬಳಿ ಇದೆ. ಡಿಸ್ಕ್ ಮೌಂಟ್ ಇರುವ ಫೋರ್ಕ್ ₹4,600, ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ₹640, ಆರು ಬೋಲ್ಟಿನ ಮುಂದಿನ ಹಬ್ (ಚಕ್ರದ ನಡುಭಾಗ) ₹950, ಕಡ್ಡಿ ಒಂದಕ್ಕೆ ₹15ರಂತೆ 36ಕ್ಕೆ ₹540, ಚಕ್ರ ಕಟ್ಟಿದ ಕೂಲಿ ₹500, 160 ಮಿ.ಮೀ. ರೋಟರ್ (ಹಬ್ಬಿಗೆ ಕೂರುವ ಲೋಹದ ತಟ್ಟೆ) ಸಹಿತ ಅದನ್ನು ಒತ್ತಿ ಹಿಡಿಯುವ ಕೇಬಲ್ ಕ್ಯಾಲಿಪರ್ ₹1,450, ಒಳಗಿನ ತಂತಿ ಮತ್ತು ಹೊರಗಿನ ಕೇಸಿಂಗ್ ₹260. ಒಟ್ಟು ₹8,940. ಲಿವರ್ ಹಳೆಯದೇ ಸಾಕಾಯಿತು, ಏಕೆಂದರೆ ಎಂಟಿಬಿಗೆಂದು ಬರುವ ಕೇಬಲ್ ಕ್ಯಾಲಿಪರ್‌ಗೂ ವಿ ಬ್ರೇಕಿಗೂ ಲಿವರ್ ಎಳೆಯಬೇಕಾದ ತಂತಿಯ ಉದ್ದ ಒಂದೇ. ರೋಡ್ ಬೈಕಿನ ಕ್ಯಾಲಿಪರ್ ತಂದಿದ್ದರೆ ಈ ಲಿವರ್ ಹೊಂದುತ್ತಿರಲಿಲ್ಲ.

ಹೊಸ ಫೋರ್ಕಿನ ಮೇಲ್ಗಡೆಯ, ಹ್ಯಾಂಡಲ್ ಕೂರುವ ಕೊಳವೆಯನ್ನು ಹಳೆಯದರ ಅಳತೆಗೆ ಕತ್ತರಿಸಬೇಕಾಗಿತ್ತು. ಕೆಳಗಿನ ಬೇರಿಂಗ್ ಕೂರುವ ರೇಸಿನ ದಪ್ಪವನ್ನು ಲೆಕ್ಕಕ್ಕೆ ಸೇರಿಸದೆ ಗುರುತು ಹಾಕಿದ್ದರಿಂದ 4 ಮಿ.ಮೀ. ಗಿಡ್ಡವಾಯಿತು. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಕೆಳಗಿನ ಒಂದು ಸ್ಪೇಸರ್ ಬಳೆ ತೆಗೆದು ಸರಿಪಡಿಸುವಷ್ಟರಲ್ಲಿ ಎರಡು ಸಂಜೆ ಕಳೆದವು. ಇಂದು ಮಣಿಪಾಲದಿಂದ ಪರ್ಕಳಕ್ಕೆ ಇಳಿಯುವ ಆ ಕಡಿದಾದ ರಸ್ತೆಯಲ್ಲಿ, ಆಟಿ ತಿಂಗಳ ಜೋರು ಮಳೆಯಲ್ಲೂ, ಎರಡು ಬೆರಳಿನಲ್ಲಿ ನಿಲ್ಲಿಸುತ್ತೇನೆ. ಕೊಟ್ಟ ಹಣದ ಒಂದು ರೂಪಾಯಿಯೂ ವ್ಯರ್ಥವಾಗಲಿಲ್ಲ.

ಸುರತ್ಕಲ್

ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಲು ಫ್ರೇಮಿಗೆ ಮೌಂಟ್ ಬೆಸುಗೆ ಹಾಕಿಸುವ ಆಲೋಚನೆಯನ್ನು ಯಾರೂ ಮನಸ್ಸಿಗೇ ತರಬಾರದು. ನಾನು ಹಾಕಿಸಿದೆ, ಫ್ರೇಮನ್ನು ಕಳೆದುಕೊಂಡೆ.

ಮೌಂಟ್ ಕತ್ತರಿಸಿದ್ದಕ್ಕೆ ₹300, ಆರ್ಕ್ ವೆಲ್ಡಿಂಗ್ ₹600, ಬಣ್ಣ ₹400, ಹಿಂದಿನ ಡಿಸ್ಕ್ ಹಬ್ ₹1,150, ಕಡ್ಡಿ ₹540, ಚಕ್ರ ಕಟ್ಟಿದ ಕೂಲಿ ₹500, ಕ್ಯಾಲಿಪರ್ ಮತ್ತು ರೋಟರ್ ₹1,450. ಇಷ್ಟಾದ ಮೇಲೆ ಮೌಂಟ್ ತುಸು ವಾರೆಯಾಗಿ ಕುಳಿತದ್ದು ಗೊತ್ತಾಯಿತು. ಕ್ಯಾಲಿಪರಿನ ಒತ್ತುವ ಪ್ಯಾಡಿನ ಮೇಲಂಚು ಮಾತ್ರ ರೋಟರಿಗೆ ತಾಗುತ್ತಿತ್ತು. ಹದಿನೈದು ದಿನದಲ್ಲಿ ಅದು ಒಂದು ಬದಿಯಲ್ಲಿ ಸವೆದು ಬೆಣೆಯ ಆಕಾರಕ್ಕೆ ಬಂದಿತ್ತು. ಅರದಿಂದ ಎರಡು ಬಾರಿ ಉಜ್ಜಿಸಲು ಇನ್ನೂ ₹200. ಒಟ್ಟು ₹5,140.

ಹದಿನೇಳನೆಯ ವಾರ, ಕಾವೂರಿನಿಂದ ಕೂಳೂರಿಗೆ ಇಳಿಯುವಾಗ, ಹಿಂದಿನಿಂದ ಒಣ ಕಡ್ಡಿ ಮುರಿದ ಸದ್ದು ಬಂತು. ಇಳಿದು ನೋಡಿದರೆ ಎಡಗಡೆಯಲ್ಲಿ ಸೀಟಿನ ಕೆಳಗಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಕೊಳವೆಯಾದ ಸೀಟ್‌ಸ್ಟೇ ಬೆಸುಗೆಯಿಂದ ಬೆರಳಗಲದಷ್ಟು ಮೇಲೆ ಸುತ್ತಲೂ ಸೀಳಿತ್ತು. ಕಾರಣವನ್ನು ಆಮೇಲೆ ಕಾಗದದಲ್ಲಿ ಲೆಕ್ಕ ಹಾಕಿದೆ. ವಿ ಬ್ರೇಕ್ ರಿಮ್ಮನ್ನು ಹಿಡಿಯುವುದು ಆಕ್ಸಲ್‌ನಿಂದ ಸುಮಾರು 280 ಮಿ.ಮೀ. ದೂರದಲ್ಲಿ, 160ರ ರೋಟರಿನ ಅಂಚು ಇರುವುದು 80 ಮಿ.ಮೀ. ದೂರದಲ್ಲಿ. ಚಕ್ರವನ್ನು ಅಷ್ಟೇ ಬಿಗಿಯಾಗಿ ತಡೆಯಬೇಕಾದರೆ ಕ್ಯಾಲಿಪರ್ ಮೂರೂವರೆ ಪಟ್ಟಿಗೂ ಹೆಚ್ಚು ಬಲ ಹಾಕಬೇಕು, ಆ ಬಲವೆಲ್ಲ ಬೆಸುಗೆಯ ಕಾವಿಗೆ ಮೊದಲೇ ಸೊರಗಿದ ತೆಳು ಕೊಳವೆಯ ಮೇಲೆ ಬೀಳುತ್ತದೆ.

ಬ್ರಹ್ಮಾವರ

ಸುರತ್ಕಲ್ಲಿನವರ ನಷ್ಟಕ್ಕೆ ನನಗೂ ಬೇಸರವಿದೆ. ಆದರೆ ಕೆಟ್ಟ ಬೆಸುಗೆಯನ್ನು ಕಂಡು ಬೆಸುಗೆಯ ವಿದ್ಯೆಯನ್ನೇ ಬೈಯುವುದು ನ್ಯಾಯವಲ್ಲ. ನನ್ನ ಉಕ್ಕಿನ ಫ್ರೇಮಿಗೆ ನಾನೇ ಮೌಂಟ್ ಕೂರಿಸಿದ್ದೇನೆ. ಆರು ಮಳೆಗಾಲ ಕಳೆದಿವೆ.

ಗೋಡೆ ಒಂದು ಮಿಲಿಮೀಟರಿನಷ್ಟೇ ದಪ್ಪವಿರುವ ಕೊಳವೆಗೆ ಆರ್ಕ್ ಹಿಡಿಯುವುದೇ ಮೊದಲ ತಪ್ಪು. ನಾನು ಹಿತ್ತಾಳೆಯ ಕಡ್ಡಿಯಿಂದ ಗ್ಯಾಸ್ ಬೆಸುಗೆ ಮಾಡಿದೆ. ಅಲ್ಲಿ ಕರಗುವುದು ಹಿತ್ತಾಳೆ ಮಾತ್ರ, ಕೊಳವೆ ಕರಗುವುದಿಲ್ಲ. ಚಕ್ರ, ರೋಟರ್, ಕ್ಯಾಲಿಪರ್ ಎಲ್ಲವನ್ನೂ ಜೋಡಿಸಿ, ಲಿವರ್ ಬಿಗಿ ಹಿಡಿದು ಕಟ್ಟಿ, ಮೌಂಟ್ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿ ಎರಡು ಚುಕ್ಕೆ ಬೆಸುಗೆ ಹಾಕಿದೆ. ಆಮೇಲೆ ಕ್ಯಾಲಿಪರ್ ಕಳಚಿ, 51 ಮಿ.ಮೀ. ಅಂತರದ ಎರಡು ತೂತುಗಳಿಗೆ ದಪ್ಪ ಪಟ್ಟಿಯೊಂದನ್ನು ಬೋಲ್ಟ್ ಮಾಡಿ ಬೆಸುಗೆ ಪೂರ್ಣಗೊಳಿಸಿದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಸೀಟ್‌ಸ್ಟೇ ಮತ್ತು ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಕೊಳವೆ) ನಡುವೆ ಅಡ್ಡ ಆಧಾರದ ಸಲಾಕೆ ಕೊಟ್ಟೆ. ಆ ಆಧಾರವಿಲ್ಲದೆ ಸೀಟ್‌ಸ್ಟೇ ಒಂದೇ ಆ ಬಲವನ್ನು ತಾಳಲಾರದು. ಸುರತ್ಕಲ್ಲಿನವರ ಫ್ರೇಮಿಗೆ ಆಧಾರ ಕೊಟ್ಟಿದ್ದರೇ? ಅಲ್ಯೂಮಿನಿಯಂ ಫ್ರೇಮಾದರೆ ಮಾತು ಬೇರೆ. ಅದರ ಹದ ಬೆಸುಗೆಯಿಂದ ಕೆಡುತ್ತದೆ, ಮತ್ತೆ ಹದ ಕೊಡುವ ಕುಲುಮೆ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಇರುವುದಿಲ್ಲ.

ಸುರತ್ಕಲ್

ಆಧಾರ ಕೊಟ್ಟಿರಲಿಲ್ಲ. ಕೊಡಬೇಕೆಂದು ನನಗೆ ಯಾರೂ ಹೇಳಲಿಲ್ಲ. ಹಣ ಪಡೆದವನು ಹೇಳಬೇಕಿತ್ತು.

ಕುಲಶೇಖರ

ಡಿಸ್ಕ್ ಇಲ್ಲದೆ ಮಳೆಯಲ್ಲಿ ಸೈಕಲ್ ಹೊಡೆಯಲಾಗದು ಎಂಬಂತೆ ಎಲ್ಲರೂ ಬರೆಯುತ್ತಿರುವುದನ್ನು ಕಂಡು ಸುಮ್ಮನಿರಲಾಗಲಿಲ್ಲ. ಇಪ್ಪತ್ತು ವರ್ಷಗಳಿಂದ ವಿ ಬ್ರೇಕಿನಲ್ಲೇ ನಂತೂರು, ಪಂಪ್‌ವೆಲ್ ಇಳಿದಿದ್ದೇನೆ. ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ನೀರನ್ನು ಒರೆಸುವುದಕ್ಕೇ ಹೋಗುತ್ತದೆ, ಹಿಡಿತ ಬರುವುದು ಆಮೇಲೆ. ಇದನ್ನು ಬಲ್ಲವನು ತಿರುವಿಗೆ ಬಹಳ ಮೊದಲೇ ಲಿವರನ್ನು ಹಗುರವಾಗಿ ತಾಗಿಸಿಡುತ್ತಾನೆ. ಕೂಲ್‌ಸ್ಟಾಪ್‌ನ ಸಾಲ್ಮನ್ ಬಣ್ಣದ ಬ್ರೇಕ್ ರಬ್ಬರ್ ಹಾಕಿಸಿಕೊಂಡ ಮೇಲೆ ವ್ಯತ್ಯಾಸ ನನಗೇ ಸ್ಪಷ್ಟವಾಗಿ ತಿಳಿಯಿತು. ಐದು ವರ್ಷದಲ್ಲಿ ₹650ರ ಮೂರು ರಿಮ್, ₹1,250ರ ಎರಡು ಸೆಟ್ ರಬ್ಬರ್. ನನ್ನ ಖರ್ಚು ಅಷ್ಟೇ.

ಇನ್ನೊಂದು ಮಾತು. ಮಣಿಪಾಲದವರು ಚಕ್ರ ಕಳಚಿ ಬೀಳುವ ಅಪಾಯದ ಬಗ್ಗೆ ಒಂದಕ್ಷರ ಬರೆದಿಲ್ಲ. ಫೋರ್ಕಿನ ಎಡಗಾಲಿನ ಹಿಂದೆ ಕ್ಯಾಲಿಪರ್ ಇರುವಾಗ ಬ್ರೇಕಿನ ಬಲ ಆಕ್ಸಲನ್ನು ಕೆಳಕ್ಕೆ, ಅಂದರೆ ಫೋರ್ಕಿನ ಬಾಯಿಯಿಂದ ಹೊರಕ್ಕೆ ತಳ್ಳುತ್ತದೆ. ಚಕ್ರವನ್ನು ಬಿಗಿಯುವ ಕ್ವಿಕ್ ರಿಲೀಸ್ ಲಿವರ್ ಸಡಿಲವಿದ್ದರೆ ಏನಾಗುತ್ತದೆಂದು ಹೊಸಬರಿಗೆ ಹೇಳುವುದು ಬೇಡವೇ?

ಮಣಿಪಾಲ

ಕ್ವಿಕ್ ರಿಲೀಸ್ ಬಿಗಿ ಮಾಡಬೇಕೆಂಬುದು ಸೈಕಲ್ ಹತ್ತುವ ಪ್ರತಿಯೊಬ್ಬರಿಗೂ ಗೊತ್ತಿದೆ. ಮುಚ್ಚುವಾಗ ಅಂಗೈಯಲ್ಲಿ ಅದರ ಅಚ್ಚು ಮೂಡುವಷ್ಟು ಬಿಗಿ ಇರಬೇಕು. ಫೋರ್ಕಿನ ತುದಿಯಲ್ಲಿರುವ ತಡೆಯ ಏಣುಗಳನ್ನು ಅರದಿಂದ ಉಜ್ಜಿ ತೆಗೆಯಬಾರದು. ನಾನು ಎರಡನ್ನೂ ಪಾಲಿಸಿದ್ದೇನೆ.

ಕುಲಶೇಖರದವರೇ, ನಿಮ್ಮ ಲೆಕ್ಕವನ್ನೇ ಕೂಡಿಸಿ ನೋಡಿ. ಮೂರು ರಿಮ್ಮಿಗೆ ₹1,950, ರಬ್ಬರಿಗೆ ₹2,500, ಒಟ್ಟು ₹4,450. ಪ್ರತಿ ಸಲ ಚಕ್ರ ಮತ್ತೆ ಕಟ್ಟಿದ ಕೂಲಿಯನ್ನು ನೀವು ಬರೆದೇ ಇಲ್ಲ. ನಮ್ಮ ಕೆಂಪುಮಣ್ಣಿನ ನೀರು ರಿಮ್ಮಿಗೂ ರಬ್ಬರಿಗೂ ನಡುವೆ ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ. ನಾನು ಬಿಚ್ಚಿಟ್ಟ ಹಳೆಯ ರಿಮ್ಮಿನ ಗೋಡೆಯ ಮೇಲೆ ಉಗುರು ಎಳೆದರೆ ಬಟ್ಟಲಿನಂಥ ತಗ್ಗು ಸಿಗುತ್ತದೆ. ಅಂಥ ಗೋಡೆ ಟ್ಯೂಬಿನ ಒತ್ತಡಕ್ಕೆ ಒಂದು ದಿನ ಸಿಡಿಯುತ್ತದೆ. ಸವೆದರೆ ಬದಲಿಸಬೇಕಾದದ್ದು ₹300ರ ಪ್ಯಾಡೋ, ಚಕ್ರವೋ, ನೀವೇ ಹೇಳಿ.

ಕುಲಶೇಖರ

ಚಕ್ರವನ್ನು ನಾನೇ ಕಟ್ಟುತ್ತೇನೆ, ಕೂಲಿ ಕೊಡುವುದಿಲ್ಲ. ಕೈಯಿಂದ ಮಾಡಿದ ಕೆಲಸವನ್ನು ಮುಚ್ಚಿಟ್ಟ ಲೆಕ್ಕವೆಂದು ಕರೆಯುವ ಮೊದಲು ಕೇಳಬೇಕಿತ್ತು.

ಉಳ್ಳಾಲ

ಕೇಬಲ್ ಡಿಸ್ಕಿನ ಮಾತು ಸಾಕು. ಸಮುದ್ರದ ಗಾಳಿಯಲ್ಲಿ ತಂತಿ ತುಕ್ಕು ಹಿಡಿಯುತ್ತದೆ ಎಂದು ನಾನು ತಂತಿಯ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ಕಿಗೆ ಹೋದೆ. ಒಬ್ಬರು ಬಳಸಿದ್ದ ಶಿಮಾನೊ ಜೋಡಿಯನ್ನು ₹3,200ಕ್ಕೆ ಕೊಂಡೆ, ಡಿಸ್ಕ್ ಮೌಂಟ್ ಇರುವ ಹಳೆಯ ಫ್ರೇಮ್ ₹2,500ಕ್ಕೆ ಸಿಕ್ಕಿತು. ಎಣ್ಣೆಯ ಕೊಳವೆ ಗಿಡ್ಡ ಮಾಡಿದ ಮೇಲೆ ಎಣ್ಣೆ ತುಂಬಿಸಿ ಗಾಳಿ ತೆಗೆಯಬೇಕಿತ್ತು. ಮೋಟಾರ್‌ಸೈಕಲ್ ಮೆಕ್ಯಾನಿಕ್ ಒಬ್ಬರು ₹150ಕ್ಕೆ ಮಾಡಿಕೊಟ್ಟರು, ಆದರೆ ಹಾಕಿದ್ದು ಮೋಟಾರ್‌ಸೈಕಲಿನ ಬ್ರೇಕ್ ಎಣ್ಣೆಯಾದ ಡಾಟ್ 4. ಶಿಮಾನೊ ಬ್ರೇಕಿಗೆ ಬೇಕಾದದ್ದು ಮಿನರಲ್ ಆಯಿಲ್. ಒಂದೇ ವಾರದಲ್ಲಿ ಸೀಲುಗಳು ಉಬ್ಬಿ, ಹಿಡಿದ ಲಿವರ್ ಹಿಂದಕ್ಕೆ ಬರದಾಯಿತು. ಎರಡು ಲಿವರ್, ಎರಡು ಕ್ಯಾಲಿಪರ್, ಎಲ್ಲವೂ ಗುಜರಿಗೆ.

ಬಜಪೆ

ನಾನು ಮೋಟಾರ್‌ಸೈಕಲ್ ಕೆಲಸದವನು. ಸೈಕಲಿನವರು ಬಂದು ಲಿವರ್ ಕೈಗಿಟ್ಟು ಎಣ್ಣೆ ಹಾಕಿ ಎನ್ನುತ್ತಾರೆ, ಯಾವ ಎಣ್ಣೆ ಎಂದು ತಿಳಿದುಕೊಂಡು ಬರುವುದಿಲ್ಲ. ನಮ್ಮ ಕೈಗೆ ಬರುವ ಮೋಟಾರ್‌ಸೈಕಲ್‌ಗಳಿಗೆಲ್ಲ ಡಾಟ್ ಎಣ್ಣೆಯೇ. ವಸ್ತು ನಿಮ್ಮದು, ಅದಕ್ಕೇನು ಬೇಕೆಂದು ತಿಳಿದಿರುವುದು ನಿಮ್ಮ ಹೊಣೆಯೂ ಹೌದು. ತಪ್ಪನ್ನೆಲ್ಲ ಕೂಲಿಯವನ ತಲೆಗೆ ಕಟ್ಟುವುದನ್ನು ಈ ಮಾತುಕತೆಯಲ್ಲಿ ಎರಡನೆಯ ಬಾರಿ ನೋಡುತ್ತಿದ್ದೇನೆ.

ಉಳ್ಳಾಲ

ಲಿವರಿನ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಓದುವುದು ಕೆಲಸ ಮಾಡುವವನ ಹೊಣೆಯಲ್ಲವೇ? ₹150 ತೆಗೆದುಕೊಂಡದ್ದು ಯಾತಕ್ಕೆ?

ಮಲ್ಪೆ

ನನ್ನದು ಸಣ್ಣ ಸಂಗತಿಯಾದರೂ ಯಾರೂ ಇಲ್ಲಿ ಹೇಳಿಲ್ಲ. ಡಿಸ್ಕ್ ಹಾಕಿಸಿದ ವರ್ಷ ಮೇ ಕೊನೆಗೆ, ನಾನು ಊರಿನಲ್ಲಿಲ್ಲದಾಗ, ನಮ್ಮ ಮಾವನವರು ಮನೆಯ ಕತ್ತಿ, ಹಾರೆ, ಬಾಗಿಲ ಚಿಲಕಗಳಿಗೆಲ್ಲ ಮಳೆಗಾಲಕ್ಕೆಂದು ತೆಂಗಿನೆಣ್ಣೆ ಸವರಿದರು. ತುಕ್ಕು ಹಿಡಿಯದಿರಲೆಂಬ ಪ್ರೀತಿಯಿಂದ ಎರಡು ರೋಟರ್‌ಗಳಿಗೂ ಸವರಿದ್ದರು. ಬಂದವನು ಸೈಕಲ್ ಹತ್ತಿ ಹೊರಟೆ. ಗೇಟಿನ ಬಳಿ ಬ್ರೇಕ್ ಹಿಡಿದರೆ ಕಿರುಚಿತೇ ವಿನಾ ನಿಲ್ಲಲಿಲ್ಲ, ಎದುರಿನ ಪಾಗಾರಕ್ಕೆ ಹೋಗಿ ತಾಗಿದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಉಳಿಸಿಕೊಂಡೆ. ಪ್ಯಾಡುಗಳನ್ನು ಮರಳುಕಾಗದದಲ್ಲಿ ಉಜ್ಜಿದೆ, ಒಲೆಯ ಮೇಲೆ ಕಾಯಿಸಿದೆ. ಹೀರಿದ ಎಣ್ಣೆ ಹೋಗಲಿಲ್ಲ. ಹೊಸ ಎರಡು ಜೋಡಿಗೆ ₹760. ಅವನ್ನು ಹಾಕಿದ ಮೇಲೆ ವೇಗ ಪಡೆದು ಮೆಲ್ಲನೆ ಹಿಡಿದು ಬಿಡುವುದನ್ನು ಇಪ್ಪತ್ತು ಸಲ ಮಾಡಿದ ನಂತರವೇ ಪೂರ್ಣ ಹಿಡಿತ ಬಂತು. ಮಾವನವರಿಗೆ ಈ ವಿಷಯವನ್ನು ನಾನು ಹೇಳಿಲ್ಲ. ಅವರ ಕೈಗೆ ಸಿಗದಂತೆ ಮೇ ತಿಂಗಳಲ್ಲಿ ಚಕ್ರಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತೇನೆ.

ಅಲೆವೂರು

ಎಲ್ಲರಿಗೂ ಧನ್ಯವಾದ. ಫೋರ್ಕಿನ ಮೇಲಿನ ಕೊಳವೆಯ ವ್ಯಾಸ ಅಳೆದೆ, 28.6 ಮಿ.ಮೀ. ಬಂತು. ಮುಂದಕ್ಕೆ ಮಾತ್ರ ಹಾಕಿಸುವುದಾದರೆ 100 ಮಿ.ಮೀ. ಕುಗ್ಗುವ, ಅಂದರೆ ಅಷ್ಟು ಟ್ರಾವೆಲ್‌ನ ಫೋರ್ಕ್ ಆಗಬಹುದೇ?

ಮಣಿಪಾಲ

ನಾನು 80ರದನ್ನು ಹಾಕಿಸಿದೆ. ಹಳೆಯ ಫೋರ್ಕಿಗಿಂತ ಉದ್ದವಾದದ್ದು ಹಾಕಿದರೆ ಸೈಕಲಿನ ಮೂತಿ ಮೇಲೇಳುತ್ತದೆ, ಹತ್ತುವಾಗ ಹ್ಯಾಂಡಲ್ ಅತ್ತಿತ್ತ ಅಲೆಯುತ್ತದೆ. ಹಳೆಯದರ ಆಕ್ಸಲ್‌ನಿಂದ, ಎರಡು ಕಾಲುಗಳು ಮೇಲೆ ಸೇರುವ ಕ್ರೌನ್‌ವರೆಗೆ ಅಳೆದು ಅದಕ್ಕೆ ಹತ್ತಿರವಾದದ್ದನ್ನೇ ತನ್ನಿ.

ಬ್ರಹ್ಮಾವರ

ಸುರತ್ಕಲ್ಲಿನವರು ಆ ಫ್ರೇಮನ್ನು ಗುಜರಿಗೆ ಕೊಟ್ಟಿಲ್ಲವೆಂದಾದರೆ ನನಗೆ ಒಮ್ಮೆ ನೋಡಬೇಕು. ಉಕ್ಕಿನ ಸೀಟ್‌ಸ್ಟೇ ತುಂಡನ್ನು ಬದಲಿಸಲು ಬರುತ್ತದೆ.

ಸುರತ್ಕಲ್

ಕೊಟ್ಟಿಲ್ಲ, ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದೆ. ಆದರೆ ಅದಕ್ಕೆ ಇನ್ನೊಮ್ಮೆ ಬೆಂಕಿ ಹಿಡಿಯಲು ಬಿಡುವುದಿಲ್ಲ.

ಬ್ರಹ್ಮಾವರ

ಹಿಡಿಯುವುದಿಲ್ಲ. ಭಾನುವಾರ ನನ್ನ ಸೈಕಲಿನಲ್ಲೇ ಬರುತ್ತೇನೆ. ನನ್ನ ಬೆಸುಗೆಯನ್ನೂ ನೀವು ನೋಡಿದ ಹಾಗಾಗುತ್ತದೆ.