ಚೀನಾದಲ್ಲಿ ಹುಷಾರಿಲ್ಲ ಅಂದ್ರೆ ಬಡಾವಣೆಯ ಆರೋಗ್ಯ ಕೇಂದ್ರವಾ, ದೊಡ್ಡಾಸ್ಪತ್ರೆಯಾ? ಅನುಭವ ಹೇಳಿ

ಪ್ರಶ್ನೆ

ನಮಸ್ಕಾರ. ಯಜಮಾನರ ಕೆಲಸದ ಸಲುವಾಗಿ ಶಾಂಘೈಗೆ ಬಂದಿದ್ದೇವೆ. ಜೊತೆಗೆ ಅತ್ತೆ ಇದ್ದಾರೆ, ಬಿಪಿ, ಶುಗರ್ ಎರಡೂ ಇದೆ. ಮಗನಿಗೆ ನಾಲ್ಕು ವರ್ಷ. ನಡೆದು ಹೋಗುವಷ್ಟು ಹತ್ತಿರದಲ್ಲಿ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರ ಇದೆ. ಪಕ್ಕದ ಮನೆಯ ಚೀನೀ ಹೆಂಗಸು "ಅಲ್ಲಿ ಬೇಡ, ದೊಡ್ಡಾಸ್ಪತ್ರೆಗೇ ಹೋಗಿ" ಅನ್ನುತ್ತಾರೆ. ಆದರೆ ಅವರ ಅತ್ತೆ ಮಾವ ತಿಂಗಳು ತಿಂಗಳು ಹೋಗುವುದು ಅಲ್ಲಿಗೇ! ಇಲ್ಲಿನ ಜನ ನಿಜವಾಗಿ ಏನು ಮಾಡುತ್ತಾರೆ? ನಾವು ಏನು ಮಾಡಿದರೆ ಒಳ್ಳೆಯದು?

ಶಾಂಘೈನಲ್ಲೇ ಇರುವವರು

ಒಂದೇ ಮನೆಯಲ್ಲಿ ಹೀಗೆ ಎರಡು ರೂಢಿ ಇರುವುದು ಇಲ್ಲಿ ಮಾಮೂಲು. ನನ್ನ ಆಫೀಸಿನಲ್ಲೂ ಇದೇ ಕಥೆ.

ಇಲ್ಲಿ ಆಸ್ಪತ್ರೆಗಳಿಗೆ ಮೂರು ದರ್ಜೆ. ಮೂರನೆಯದೇ ಎಲ್ಲಕ್ಕಿಂತ ಮೇಲಿನದು. ಅದರಲ್ಲೂ ಮೊದಲ ಸಾಲಿನವನ್ನು "ಸಾನ್‌ಜ್ಯಾ" ಅನ್ನುತ್ತಾರೆ. ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಬರುವ ಮಾತು ಅದೇ. ಅಲ್ಲಿಗೆ ಹೋಗಲು ಯಾರ ಚೀಟಿಯೂ ಬೇಕಿಲ್ಲ. ಬ್ರಿಟನ್ನಿನಲ್ಲಿ ಮೊದಲು ಜಿಪಿಯನ್ನು, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರನ್ನು ನೋಡಬೇಕು ಅಲ್ವಾ, ಆ ಕಟ್ಟು ಇಲ್ಲಿಲ್ಲ. ಫೋನಿನಲ್ಲಿ ಸರದಿ ನಂಬರ್ ತೆಗೆದುಕೊಂಡರೆ ನೇರವಾಗಿ ಹೃದಯ ತಜ್ಞರ ಮುಂದೆ ಕೂರಬಹುದು. ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದು ಇಷ್ಟೇ: "ಬಡಾವಣೆಯಲ್ಲಿ ತೋರಿಸಿದರೆ, ಕೊನೆಗೆ ಅವರೂ ದೊಡ್ಡಾಸ್ಪತ್ರೆಗೆ ಹೋಗು ಅಂತಾರೆ. ಎರಡು ರಜೆ ಯಾಕೆ ಹಾಕಲಿ?"

ಇದರಲ್ಲಿ ಸೊಕ್ಕು ಇಲ್ಲ, ಭಯ ಇದೆ. ಸಣ್ಣ ಕಡೆ ಕಾಯಿಲೆ ಗೊತ್ತಾಗದೇ ಹೋದರೆ? ಸ್ಕ್ಯಾನಿಂಗ್ ಮಶಿನ್ ಇಲ್ಲ, ಒಳ್ಳೆಯ ಕಾಲೇಜಿನಲ್ಲಿ ಓದಿದ ಡಾಕ್ಟರು ಅಲ್ಲಿ ಯಾಕೆ ಇರುತ್ತಾರೆ ಎಂಬ ಅನುಮಾನ. ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. ಒಂದೇ ಮಗು, ಅದಕ್ಕೆ ಕೆಮ್ಮು ಬಂದರೆ ಅಪ್ಪ ಅಮ್ಮನ ಜೊತೆ ಅಜ್ಜ ಅಜ್ಜಿಯೂ ಹೊರಡುತ್ತಾರೆ. ಚಳಿಗಾಲದಲ್ಲಿ ಮಕ್ಕಳ ಆಸ್ಪತ್ರೆ ನೋಡಿದರೆ ನಿಮಗೇ ತಿಳಿಯುತ್ತದೆ. ಗಂಟೆಗಟ್ಟಲೆ ಕಾಯುವುದು, ಡಾಕ್ಟರ ಮುಂದೆ ಕೆಲವೇ ನಿಮಿಷ. ಅದಕ್ಕೆ ಎಲ್ಲರೂ ಗೊಣಗುತ್ತಾರೆ. ಮುಂದಿನ ಸಲವೂ ಅಲ್ಲಿಗೇ ಹೋಗುತ್ತಾರೆ.

ವಯಸ್ಸಾದವರ ಲೆಕ್ಕ ಬೇರೆ. ಅವರಿಗೆ ಏನು ಕಾಯಿಲೆ ಅಂತ ಆಗಲೇ ಗೊತ್ತಿರುತ್ತದೆ. ಬೇಕಿರುವುದು ಮಾತ್ರೆ, ಬಿಪಿ ನೋಡುವುದು, ನಾಲ್ಕು ಮಾತು. 2009ರ ಆರೋಗ್ಯ ಸುಧಾರಣೆಯಲ್ಲಿ ಈ ಕೇಂದ್ರಗಳಿಗೆ ಕೆಲವು ಉಚಿತ ಕೆಲಸಗಳನ್ನು ವಹಿಸಿದರು. 65 ದಾಟಿದವರಿಗೆ ವರ್ಷಕ್ಕೊಮ್ಮೆ ತಪಾಸಣೆ, ಬಿಪಿ ಮತ್ತು ಶುಗರ್ ಇರುವವರ ಮೇಲೆ ನಿಗಾ, ಮಕ್ಕಳ ಲಸಿಕೆ, ಹೀಗೆ. ಆಗ ಸರ್ಕಾರ ಇದಕ್ಕೆ ಎತ್ತಿಟ್ಟ ಹಣ ವರ್ಷಕ್ಕೆ ತಲೆಗೆ 15 ಯುವಾನ್. 2024ರ ಹೊತ್ತಿಗೆ ಅದು 94 ಆಗಿತ್ತು. ಇನ್ಶೂರೆನ್ಸ್ ಕೂಡ ಕೆಳಹಂತದಲ್ಲಿ ಜಾಸ್ತಿ ಪಾಲು ಕೊಡುತ್ತದೆ. ಬೀಜಿಂಗ್‌ನಲ್ಲಿ 2017ರಲ್ಲಿ ಡಾಕ್ಟರ ಫೀಸನ್ನು ದೊಡ್ಡಾಸ್ಪತ್ರೆಯಲ್ಲಿ 50, ಬಡಾವಣೆ ಕೇಂದ್ರದಲ್ಲಿ 20 ಯುವಾನ್ ಮಾಡಿದ್ದೂ ಜನರನ್ನು ಇತ್ತ ತಿರುಗಿಸಲಿ ಅಂತಲೇ. ಆದರೂ ದುಡ್ಡು ಉಳಿಯುತ್ತದೆ ಅಂತ ಕೆಲಸಕ್ಕೆ ಹೋಗುವವರು ಅಷ್ಟಾಗಿ ಬದಲಾಗಿಲ್ಲ. ನನ್ನ ಪ್ರಕಾರ ಅವರಿಗೆ ಬೇಕಿರುವುದು ಖಾತ್ರಿ, ಅಗ್ಗ ಅಲ್ಲ.

ಅಜ್ಜಿಯಂದಿರ ದೊಡ್ಡ ದೂರು ಅಂದರೆ ಔಷಧಿ. ತಜ್ಞರು ಬರೆದ ಬ್ರ್ಯಾಂಡು ಬಡಾವಣೆ ಕೇಂದ್ರದಲ್ಲಿ ಸಿಗುವುದಿಲ್ಲ. ಬೇರೆ ಕಂಪನಿಯದು ಕೊಟ್ಟರೆ ನಂಬಿಕೆ ಬರುವುದಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು "ಇದೇ ಬೇಕು" ಅಂತ ಕೌಂಟರಿನಲ್ಲಿ ನಿಂತವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಮಾತ್ರೆಗಾಗಿ ಎರಡು ಬಸ್ಸು ಬದಲಾಯಿಸಿ ದೊಡ್ಡಾಸ್ಪತ್ರೆಗೆ ಹೋಗುವ ಮುದುಕರನ್ನು ಕಂಡರೆ ಸಂಕಟ ಆಗುತ್ತದೆ. 2021ರಿಂದ ಕಾಯಿಲೆ ಹತೋಟಿಯಲ್ಲಿದ್ದರೆ ನಾಲ್ಕು ವಾರಕ್ಕೆ, ಅಗತ್ಯ ಬಿದ್ದರೆ ಹನ್ನೆರಡು ವಾರದವರೆಗೂ ಒಟ್ಟಿಗೆ ಮಾತ್ರೆ ಬರೆಯಬಹುದು. ಅದು ನಿಜಕ್ಕೂ ಉಪಕಾರ.

ಇನ್ನು "ಕುಟುಂಬ ವೈದ್ಯರು" ಅನ್ನುವ ಯೋಜನೆ. ಒಬ್ಬ ಡಾಕ್ಟರ ಬಳಿ ಹೆಸರು ಬರೆಸಿ ಸಹಿ ಹಾಕಬೇಕು. 2016ರಲ್ಲಿ ದೇಶಾದ್ಯಂತ ಇದಕ್ಕೆ ಒತ್ತು ಕೊಟ್ಟರು. ಶಾಂಘೈ ಅದಕ್ಕೂ ಮುಂಚೆಯೇ ಒಂದು ಬಡಾವಣೆ ಕೇಂದ್ರ, ಒಂದು ಜಿಲ್ಲಾಸ್ಪತ್ರೆ, ಒಂದು ನಗರದ ದೊಡ್ಡಾಸ್ಪತ್ರೆ ಸೇರಿಸಿ "1+1+1" ಶುರು ಮಾಡಿತ್ತು. ಸಹಿ ಹಾಕಿ ತಮ್ಮ ಡಾಕ್ಟರು ಯಾರು ಅಂತಲೇ ಗೊತ್ತಿಲ್ಲದವರು ತುಂಬಾ ಇದ್ದಾರೆ. ಆದರೆ ಡಾಕ್ಟರ ಪರಿಚಯ ಚೆನ್ನಾಗಿ ಆದವರು ಅವರನ್ನು ಬಿಡುವುದಿಲ್ಲ. ನಿಮ್ಮ ಪಕ್ಕದ ಮನೆಯ ಹಿರಿಯರು ಅಂಥವರೇ ಇರಬೇಕು.

ನಿಮಗೆ ನನ್ನ ಸಲಹೆ: ಅತ್ತೆಯವರನ್ನು ಒಂದು ಸಲ ದೊಡ್ಡಾಸ್ಪತ್ರೆಯಲ್ಲಿ ಪೂರ್ತಿ ತೋರಿಸಿ, ಮಾತ್ರೆ ಯಾವುದು ಅಂತ ನಿಗದಿ ಮಾಡಿಸಿ. ಆಮೇಲಿನದಕ್ಕೆ ಬಡಾವಣೆ ಕೇಂದ್ರ ಸಾಕು. ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಬಹುದು. ಯಜಮಾನರ ಇನ್ಶೂರೆನ್ಸ್ ಅವರಿಗೆ ಬರುವುದಿಲ್ಲ, ಕೈಯಿಂದಲೇ ಕೊಡಬೇಕು. ಮಗನ ಲಸಿಕೆಗೂ ಅಲ್ಲಿಗೇ ಹೋಗಿ, ಊರಿನ ಲಸಿಕೆ ಕಾರ್ಡು ಮರೆಯಬೇಡಿ.

ಷೆಂಜೆನ್‌ನಿಂದ

ನಮ್ಮ ಕಡೆ ಸ್ವಲ್ಪ ಬೇರೆ. ಬಡಾವಣೆ ಕೇಂದ್ರಕ್ಕೆ ಇಲ್ಲಿ "ಷ-ಕಾಂಗ್" ಅನ್ನುತ್ತಾರೆ, ಇವುಗಳಲ್ಲಿ ಹೆಚ್ಚಿನವನ್ನು ಆಸ್ಪತ್ರೆಗಳೇ ನಡೆಸುತ್ತವೆ. 2015ರಲ್ಲಿ ಲುವೋಹು ಜಿಲ್ಲೆಯಲ್ಲಿ ಆಸ್ಪತ್ರೆಗಳನ್ನೂ ಷ-ಕಾಂಗ್‌ಗಳನ್ನೂ ಒಂದೇ ಗುಂಪು ಮಾಡಿದರು. ಊರು ತುಂಬ ಬೇರೆ ಕಡೆಯಿಂದ ದುಡಿಯಲು ಬಂದ ಹುಡುಗರು. ಶೀತ, ಹೊಟ್ಟೆನೋವು ಅಂದರೆ ಅವರು ಕೆಲಸ ಮುಗಿಸಿ ಷ-ಕಾಂಗ್‌ಗೆ ಹೋಗಿ ಬಂದುಬಿಡುತ್ತಾರೆ. ಬೆನ್ನಿಗೆ ದೊಡ್ಡಾಸ್ಪತ್ರೆ ಇದೆ ಅಂತ ಗೊತ್ತಿರುವುದರಿಂದ ಧೈರ್ಯ. ಒಂದೇ ಎಚ್ಚರಿಕೆ: ಜೋರು ಜ್ವರ ಇದ್ದರೆ ಮೊದಲು ಫೋನ್ ಮಾಡಿ ಕೇಳಿ. 2003ರ ಸಾರ್ಸ್ ಆದಮೇಲೆ ಆಸ್ಪತ್ರೆಗಳಲ್ಲಿ ಜ್ವರಕ್ಕೇ ಬೇರೆ ವಿಭಾಗ ಮಾಡಿದ್ದಾರೆ, ಅಲ್ಲಿಗೇ ಕಳಿಸಬಹುದು.

ಹುಬೈನಲ್ಲಿ ಎಂಬಿಬಿಎಸ್ ಓದಿದವರು

ಎಲ್ಲರೂ ನಗರದ್ದೇ ಹೇಳಿದ್ದೀರಿ, ಹಳ್ಳಿಯದನ್ನು ನಾನು ಹೇಳುತ್ತೇನೆ. ಚೀನೀ ಗೆಳೆಯನ ಊರಿಗೆ ವಸಂತ ಹಬ್ಬಕ್ಕೆ ಹೋಗಿದ್ದೆ. ಹಳ್ಳಿಯ ಕ್ಲಿನಿಕ್ ಅಂದರೆ ಒಂದು ಕೋಣೆ, ಒಂದು ಕಲ್ಲಿದ್ದಲ ಒಲೆ. ಬೆಂಚಿನ ಮೇಲೆ ಸಾಲಾಗಿ ಕೂತವರ ಕೈಗೆಲ್ಲ ಡ್ರಿಪ್ಪು. ಸುಮ್ನೆ ನೆಗಡಿಗೂ ಬಾಟಲಿ. ಡಾಕ್ಟರು "ಬೇಡ, ಮಾತ್ರೆ ಸಾಕು" ಅಂದರೆ ಜನರಿಗೆ ಸಮಾಧಾನ ಇಲ್ಲ. "ಗ್ಲೂಕೋಸ್ ಹಾಕಿ ಸಾರ್" ಅನ್ನುವ ನಮ್ಮೂರಿನವರು ನೆನಪಾದರು. 2016ರಲ್ಲಿ ಜಿಯಾಂಗ್ಸು ಪ್ರಾಂತ್ಯ ದೊಡ್ಡಾಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಡ್ರಿಪ್ ನಿಲ್ಲಿಸಿತು. ಮಕ್ಕಳ ಆಸ್ಪತ್ರೆಗಳನ್ನು ಮಾತ್ರ ಬಿಟ್ಟಿತು. ವೈದ್ಯ ವಿದ್ಯಾರ್ಥಿಯಾಗಿ ನನಗೆ ಅದು ತುಂಬಾ ಸರಿ ಅನ್ನಿಸಿತು.

ಆದರೂ ಆ ಹಳ್ಳಿ ಡಾಕ್ಟರ ಮೇಲೆ ಜನಕ್ಕಿದ್ದ ಸಲುಗೆ ದೊಡ್ಡದು. 60-70ರ ದಶಕದ "ಬರಿಗಾಲ ವೈದ್ಯರ" ಪರಂಪರೆ ಅದು. ಕೆಲವು ತಿಂಗಳ ತರಬೇತಿ ಪಡೆದ ರೈತರೇ ವೈದ್ಯರಾಗಿದ್ದರು. 1985ರಲ್ಲಿ ಆ ಹೆಸರು ಬಿಟ್ಟು "ಹಳ್ಳಿ ವೈದ್ಯರು" ಮಾಡಿದರು. ನಾನು ಕಂಡವರಿಗೆ ತುಂಬಾ ವಯಸ್ಸಾಗಿತ್ತು. ಯಾರ ಮನೆಯಲ್ಲಿ ಯಾರಿಗೆ ಏನು ಅಂತ ಬಾಯಿಪಾಠ. ಅವರ ಜಾಗಕ್ಕೆ ಬರಲು ಹುಡುಗರು ಸಿಗುತ್ತಿಲ್ಲ. ನಿಜವಾದ ಕಾಯಿಲೆ ಅಂತ ಅನುಮಾನ ಬಂದರೆ ಮಾತ್ರ ಊರಿನವರು ಅವರನ್ನೂ ಟೌನಿನ ಆಸ್ಪತ್ರೆಯನ್ನೂ ದಾಟಿ ನೇರ ಪ್ರಾಂತ್ಯದ ರಾಜಧಾನಿಗೆ ರೈಲು ಹತ್ತುತ್ತಾರೆ.

ಕೆಚಿಯಾವೋದಲ್ಲಿ ಬಟ್ಟೆ ವ್ಯಾಪಾರ ಮಾಡುವವರು

ನಮ್ಮ ಗೋಡೌನಿನ ಚೀನೀ ಕೆಲಸಗಾರರು ಬಡಾವಣೆ ಕೇಂದ್ರಕ್ಕೆ ಖುಷಿಯಿಂದ ಹೋಗುವುದು ಸಾಂಪ್ರದಾಯಿಕ ಚೀನೀ ವೈದ್ಯದ ವಿಭಾಗಕ್ಕೆ. ಅಕ್ಯುಪಂಕ್ಚರ್ ಸೂಜಿ ಚುಚ್ಚಿಸುವುದು, ನೋವಿರುವ ಕಡೆ ಚರ್ಮ ಎಳೆದು ಹಿಡಿಯುವ ಕಪ್ ಹಾಕಿಸುವುದು. ಸೊಂಟ ನೋವಿಗೆ ನಾನೂ ಹೋಗಿದ್ದೇನೆ, ಡಾಕ್ಟರು ತಾಳ್ಮೆಯಿಂದ ನೋಡಿದರು. ಅಲ್ಲಿ "ದೊಡ್ಡಾಸ್ಪತ್ರೆಗೆ ಹೋಗೋಣ" ಅನ್ನುವ ಮಾತೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯ ಮಾತ್ರೆ ಇಂಡಿಯಾದ್ದು. ಅದೇ ಹೆಸರು ಹೇಳಿದರೆ ಕೊಡುತ್ತಾರಾ?

ಶಾಂಘೈನಲ್ಲೇ ಇರುವವರು

ನಮ್ಮ ಬ್ರ್ಯಾಂಡಿನ ಹೆಸರು ಅವರಿಗೆ ಗೊತ್ತಾಗುವುದಿಲ್ಲ. ಒಳಗಿನ ಔಷಧಿಯ ಹೆಸರು, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಅನ್ನುವಂಥದ್ದು, ಎಷ್ಟು ಮಿಲಿಗ್ರಾಂ ಅನ್ನುವುದನ್ನೂ ಸೇರಿಸಿ ಚೀನೀ ಲಿಪಿಯಲ್ಲಿ ಬರೆಸಿಕೊಳ್ಳಿ. ಎರಡು ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ ನಮ್ಮಲ್ಲಿ ಜಾಸ್ತಿ, ಇಲ್ಲಿ ಅದೇ ರೂಪದಲ್ಲಿ ಸಿಗದೇ ಇರಬಹುದು. ಹಾಗಿದ್ದರೆ ಬಿಡಿಬಿಡಿಯಾಗಿ ಬರೆದುಕೊಡಿ ಅಂತ ದೊಡ್ಡಾಸ್ಪತ್ರೆಯ ಡಾಕ್ಟರನ್ನೇ ಕೇಳಿ. ಆ ಚೀಟಿ ಹಿಡಿದು ಬೆಳಿಗ್ಗೆ ಹಿರಿಯರ ಗುಂಪು ಕರಗಿದ ಮೇಲೆ ಬಡಾವಣೆ ಕೇಂದ್ರಕ್ಕೆ ಹೋಗಿ. ನಿಮ್ಮ ಮಾತು ಕೇಳಲು ಅವರಿಗೂ ಆಗ ಪುರುಸೊತ್ತು ಇರುತ್ತದೆ.